ಒಂಟಿ ಜುಮುಕಿಯ ಟೊಪ್ಪಿಗೆ

ನಾನು ಹೆಣಿಗೆ ಕಲಿತದ್ದು ಹೆರಿಗೆ ವಾರ್ಡಿನಲ್ಲಿ, ನರ್ಸ್ ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಮನೆ ಕೊಟ್ಟೂರಿನಲ್ಲಿ, ಕೆಲಸ ಹರಪನಹಳ್ಳಿಯಲ್ಲಿ. ಆಸ್ಪತ್ರೆ ಯಾವುದೆಂದು ಹೇಳುವುದು ಬೇಡ. ಇಲ್ಲಿ ಬರುವ ತಪ್ಪೆಲ್ಲ ನನ್ನೊಬ್ಬಳದೇ. ನಮ್ಮ ಕಡೆ ಉಲ್ಲನ್ ಎಂದರೆ ಜನ ನಗುತ್ತಾರೆ. ಮಧ್ಯಾಹ್ನ ಬಸ್ಸಿನ ಸೀಟಿನ ಕಂಬಿ ಹಿಡಿದರೆ ಕೈ ಸುಡುವ ಸೀಮೆ ಇದು. ಆದರೆ ಈಗಷ್ಟೇ ಹುಟ್ಟಿದ ಕೂಸಿಗೆ ಅದೇನೂ ಗೊತ್ತಿರುವುದಿಲ್ಲ. ಒಂಬತ್ತು ತಿಂಗಳು ಬೆಚ್ಚಗಿದ್ದು ಬಂದ ಅದರ ತಲೆ ಫ್ಯಾನಿನ ಗಾಳಿಗೂ ತಣ್ಣಗಾಗುತ್ತದೆ. ಹೆರಿಗೆಗೆ ಬಂದವರು ಹೊಸ ಸೀರೆ, ಹೊಸ ಬಕೆಟ್ಟು, ಹೊಸ ಚಾಪೆ ಎಲ್ಲ ತಂದಿರುತ್ತಿದ್ದರು; ಕೂಸಿನ ತಲೆಗೆ ಮಾತ್ರ ಅಪ್ಪನ ಟವೆಲ್ಲು.

ಅದಕ್ಕೇ ನಮ್ಮ ಹಿರಿಯ ಸಿಸ್ಟರ್ ಬಿಡುವು ಸಿಕ್ಕಾಗ ಪುಟ್ಟ ಟೊಪ್ಪಿಗೆ ಹೆಣೆಯುತ್ತಿದ್ದರು. ನನಗೂ ಎರಡು ಕಡ್ಡಿ ಕೊಟ್ಟು, ದಾರ ಹೇಗೆ ಸುತ್ತಬೇಕು, ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಹೇಗೆ ಎಳೆಯಬೇಕು ಎಂದು ತೋರಿಸಿದರು. ಕೈ ಬೇಗ ಕಲಿಯಿತು. ಕೆಟ್ಟದ್ದು ಲೆಕ್ಕ. ಟೊಪ್ಪಿಗೆಯನ್ನು ಸುತ್ತ ಸುತ್ತ ಹೆಣೆಯಬೇಕು. ಸುತ್ತು ಎಲ್ಲಿ ಶುರುವಾಯಿತು ಎಂಬುದು ತಪ್ಪಿದರೆ ಎಲ್ಲ ತಪ್ಪಿತು. ನಾನು ನಲವತ್ತೆರಡು, ನಲವತ್ತಮೂರು ಎಂದು ಎಣಿಸುತ್ತಿರುವಾಗಲೇ ಒಳಗಿನಿಂದ ಯಾರಾದರೂ ಅವ್ವನನ್ನು ಕರೆದು ಕಿರುಚುತ್ತಿದ್ದರು. ಓಡಿಹೋಗಿ, ಒಂದು ಜೀವವನ್ನು ಹೊರಗೆ ತಂದು, ತೂಕ ಬರೆದು, ಕೈ ತೊಳೆದು ಬರುವಷ್ಟರಲ್ಲಿ ಎಣಿಕೆ ಹೋಗಿರುತ್ತಿತ್ತು. ನನ್ನ ಮೊದಲ ಟೊಪ್ಪಿಗೆ ಒಂದು ಕಡೆ ವಾಲಿಕೊಂಡು, ತುದಿ ಚೂಪಾಗಿ, ಥೇಟ್ ಒಣಮೆಣಸಿನಕಾಯಿಯ ಹಾಗಿತ್ತು. ಸಿಸ್ಟರ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಸುತ್ತು ಶುರುವಾಗುವ ಕಡೆ ಒಂದು ಗುರುತು ಹಾಕಿಕೊಳ್ಳಲು ಹೇಳಿದರು.

ಗುರುತೆಂದರೆ ಕಡ್ಡಿಗೆ ಏರಿಸುವ ಒಂದು ಸಣ್ಣ ಉಂಗುರ, ಇಲ್ಲವೇ ಕುಣಿಕೆಗೇ ಸಿಕ್ಕಿಸುವ ಒಂದು ಸಣ್ಣ ಪಿನ್ನು. ಮೊದಲು ಕೆಂಪು ದಾರದ ಗಂಟು ಹಾಕಿದೆ. ಆಮೇಲೆ ಮೊಬೈಲಿನಲ್ಲಿ ಹೆಣಿಗೆಯ ವಿಡಿಯೋ ನೋಡುವಾಗ ಬೇರೆ ಬೇರೆ ಊರಿನ ಹೆಂಗಸರು ಮಣಿ, ಎಲೆ, ಬೆಕ್ಕಿನ ಮುಖ ತೂಗುಬಿಟ್ಟ ಚೆಂದದ ಉಂಗುರ ಬಳಸುವುದು ಕಂಡಿತು. ಇಷ್ಟು ಚೆಂದದ್ದು ಕಡ್ಡಿಯ ಮೇಲಿದ್ದರೆ ಎಣಿಕೆ ತಪ್ಪಿದರೂ ಬೇಜಾರಾಗಲಿಕ್ಕಿಲ್ಲ ಅನ್ನಿಸಿತು. ಮಾಡಿಯೇ ನೋಡೋಣವೆಂದು ಕೂತೆ.

ಸಾಮಾನು ಎಲ್ಲಿಂದ ತರುವುದು ಎಂಬುದಕ್ಕೆ ಉತ್ತರ ಅವ್ವನ ಡಬ್ಬಿಯಲ್ಲಿತ್ತು. ನಮ್ಮ ಓಣಿಯ ಪ್ರತಿ ಹೆಂಗಸಿನ ಹತ್ತಿರವೂ ಒಂದು ಒಂಟಿ ಓಲೆ ಇರುತ್ತದೆ. ಜೋಡಿಯಲ್ಲೊಂದು ಎಲ್ಲೋ ಬಿದ್ದುಹೋಗಿರುತ್ತದೆ. ಉಳಿದದ್ದನ್ನು ಹಾಕಿಕೊಳ್ಳುವ ಹಾಗಿಲ್ಲ, ಎಸೆಯಲು ಮನಸ್ಸಿಲ್ಲ. ಅವ್ವನದು ಹಸಿರು ಕಲ್ಲಿನ ಜುಮುಕಿ. ಚಿನ್ನದ್ದಲ್ಲ, ಚಿನ್ನದ ಹಾಗೆ ಹೊಳೆಯುವುದು. ಅದರ ಜೋಡಿ ಹಿರೇಹಡಗಲಿಯ ಒಂದು ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಕಳೆದಿತ್ತು. ತನ್ನ ಜುಮುಕಿ ಬಿದ್ದದ್ದು ಬೀಗರ ಸಾರಿನ ಕೊಳಗದೊಳಗೇ ಎಂದು ಅವ್ವ ಇವತ್ತಿಗೂ ನಂಬಿದ್ದಾಳೆ. ಉಳಿದ ಒಂದನ್ನು ನನ್ನ ಕೈಗೆ ಹಾಕಿ, ಇದಾದರೂ ದುಡಿದು ತಿನ್ನಲಿ ಎಂದಳು. ಸುದ್ದಿ ಓಣಿಗೆ ಹಬ್ಬಿ ಎರಡು ವಾರದಲ್ಲಿ ನನ್ನ ಬಳಿ ಒಂಟಿ ಓಲೆಗಳ ಒಂದು ಡಬ್ಬಿಯೇ ಆಯಿತು.

ಸಣ್ಣ ಇಕ್ಕಳದಿಂದ ಓಲೆಯ ಕೊಂಡಿ ಬಿಚ್ಚಿ, ತಂತಿಯನ್ನು ಕಡ್ಡಿಗೆ ಸುತ್ತಿ ಉಂಗುರ ಮಾಡಿ, ಅದಕ್ಕೆ ಜುಮುಕಿ ಸಿಕ್ಕಿಸುವುದು ಕೆಲಸ. ಅವ್ವನ ಜುಮುಕಿಯನ್ನು ಮಾತ್ರ ಉಂಗುರಕ್ಕಲ್ಲ, ಕುಣಿಕೆಗೆ ಸಿಕ್ಕಿಸುವ ಪಿನ್ನಿಗೆ ಹಾಕಿದೆ. ಕಷ್ಟವಿರುವುದು ಕೊನೆಯಲ್ಲಿ. ತಂತಿಯ ತುದಿ ಒಂದಿಷ್ಟು ಚೂಪಾಗಿದ್ದರೂ ಉಲ್ಲನ್ ಸಿಕ್ಕಿಕೊಂಡು ಹರಿಯುತ್ತದೆ. ಹಾಗಾಗಿ ಪ್ರತಿಯೊಂದನ್ನೂ ಅವ್ವನ ಹಳೆಯ ನೈಲಾನ್ ಸೀರೆಯ ಮೇಲೆ ಎಳೆದು ನೋಡುತ್ತಿದ್ದೆ. ಸೀರೆ ಜಗ್ಗದಿದ್ದರೆ ಉಂಗುರ ಪಾಸು. ಒಂದು ತಿಂಗಳಲ್ಲಿ ಉಂಗುರಗಳೆಲ್ಲ ಪಾಸಾದವು, ಸೀರೆ ಜಾಲರಿಯಾಯಿತು.

ಇಲ್ಲಿ ಅಪ್ಪನ ವಿಷಯ ಹೇಳಬೇಕು. ಅಪ್ಪ ಹೆಡ್‌ಮಾಸ್ಟರಾಗಿ ನಿವೃತ್ತರಾದ ಮೇಷ್ಟ್ರು. ನಮ್ಮದು ಬೌದ್ಧರ ಮನೆ. ಅಪ್ಪನಿಗೆ ಬುದ್ಧನ ಮೇಲೆ ಎಷ್ಟು ಪ್ರೀತಿಯೋ ತಾಯಿತ, ನಿಂಬೆಹಣ್ಣು, ದೃಷ್ಟಿಬೊಂಬೆಗಳ ಮೇಲೆ ಅಷ್ಟೇ ಸಿಟ್ಟು. ಅಮಾವಾಸ್ಯೆ ಹುಡುಕಿ ಆ ದಿನವೇ ಮನೆಗೆ ಬಣ್ಣ ಹೊಡೆಸಿದವರು. ಒಮ್ಮೆ ಪಕ್ಕದ ಮನೆಯವರು ಹೊಸ ಬೈಕಿಗೆ ಕಟ್ಟಿದ್ದ ನಿಂಬೆಹಣ್ಣು ಬಿಚ್ಚಿ ಶರಬತ್ತು ಮಾಡಿ, ಅವರಿಗೇ ಒಂದು ಲೋಟ ಕುಡಿಸಿ, ಆಮೇಲೆ ಯಾವ ಹಣ್ಣೆಂದು ತಿಳಿಸಿದ್ದರು. ಆ ಮನೆಯವರು ಆರು ತಿಂಗಳು ಮಾತು ಬಿಟ್ಟಿದ್ದರು. ಮಗಳು ಜುಮುಕಿಗಳ ಮುಂದೆ ಕೂತದ್ದು ಕಂಡು ಅಪ್ಪ ಮೊದಲು ಮುಖ ಗಂಟು ಹಾಕಿಕೊಂಡರು. ಇದು ಆಭರಣವಲ್ಲ, ಎಣಿಕೆ ತಪ್ಪದಿರಲು ಎಂದು ತಿಳಿಸಿದ ಮೇಲೆ ಬಹಳ ಖುಷಿಯಾದರು. ಎಣಿಕೆಗೆ ಬರುವುದೆಲ್ಲ ಅವರ ಲೆಕ್ಕದಲ್ಲಿ ವಿಜ್ಞಾನ. ಮನೆಗೆ ಬಂದವರಿಗೆಲ್ಲ ಉಂಗುರ ತೋರಿಸಿ ಪಾಠ ಮಾಡುತ್ತಿದ್ದರು.

ತಪ್ಪು ನಡೆದದ್ದು ಒಂದು ಸೋಮವಾರ ಬೆಳಿಗ್ಗೆ. ಹರಪನಹಳ್ಳಿ ತಾಲೂಕಿನ ನೀಲಗುಂದದ ಒಬ್ಬ ಹುಡುಗಿಗೆ ಹೆಣ್ಣುಕೂಸಾಗಿ ಎರಡು ದಿನವಾಗಿತ್ತು. ಕೂಸು ಸಣ್ಣದು, ತೂಕ ಕಡಿಮೆ, ಅಳು ಮಾತ್ರ ದೊಡ್ಡದು. ಅವತ್ತು ಅವರನ್ನು ಮನೆಗೆ ಕಳಿಸಬೇಕಿತ್ತು. ನಾನು ಅವಸರದಲ್ಲಿ ಒಂದು ಹಳದಿ ಟೊಪ್ಪಿಗೆ ಮುಗಿಸಿ, ಅಂಚು ಮೇಲಕ್ಕೆ ಮಡಚಿ, ಕೂಸಿನ ತಲೆಗೆ ಹಾಕಿ, ಇನ್ನೊಂದು ಹೆರಿಗೆಗೆ ಓಡಿದೆ. ಸಂಜೆ ಮನೆಯಲ್ಲಿ ಡಬ್ಬಿ ತೆಗೆದರೆ ಅವ್ವನ ಹಸಿರು ಜುಮುಕಿ ಇಲ್ಲ. ಬಸ್ಸಿನಲ್ಲಿ ಬಿದ್ದಿರಬೇಕು ಅಂದುಕೊಂಡೆ. ಆ ಜೋಡಿಗೆ ಕಳೆದುಹೋಗುವುದೇ ಹಣೆಬರಹ ಎಂದಳು ಅವ್ವ. ಹಣೆಬರಹ ಎಂಬ ಮಾತಿಗೆ ಅಪ್ಪ ಅವಳೊಂದಿಗೆ ಅರ್ಧ ಗಂಟೆ ವಾದ ಮಾಡಿದರು.

ಒಂದೂವರೆ ತಿಂಗಳಾದ ಮೇಲೆ ವಾರ್ಡಿಗೆ ಬಂದ ಒಬ್ಬ ಹೆಂಗಸು ನನ್ನನ್ನು ಬದಿಗೆ ಕರೆದು, ಸುತ್ತ ನೋಡಿ, ತಗ್ಗಿದ ದನಿಯಲ್ಲಿ ಕೇಳಿದಳು.

"ನರ್ಸಮ್ಮಾರ, ನಮ್ಮ ಸೊಸಿಗೆ ಇವತ್ತೋ ನಾಳಿನೋ ಆಗ್ತೈತಿ. ಆ ಜುಮುಕಿ ಟೊಪ್ಪಿಗಿ ಒಂದು ನಮಗೂ ತೆಗೆದಿಡ್ರಿ."

ಯಾವ ಜುಮುಕಿ ಎಂದು ಕೇಳಿದೆ. ಆಗ ಕತೆ ಪೂರ್ತಿ ಹೊರಬಂತು. ನೀಲಗುಂದದ ಆ ಕೂಸು ಆಸ್ಪತ್ರೆಯಲ್ಲಿ ಎರಡು ದಿನ ಬಿಡದೆ ಅತ್ತಿತ್ತಂತೆ. ಟೊಪ್ಪಿಗೆ ಹಾಕಿದ್ದೇ ತಡ, ಬಾಯಿ ಮುಚ್ಚಿ ಮಲಗಿತಂತೆ. ಮನೆಗೆ ಹೋಗಿ ಅಂಚು ಬಿಚ್ಚಿದರೆ ಒಳಗೆ ಯಾರಿಗೂ ಕಾಣದ ಹಾಗೆ ಒಂದು ಜುಮುಕಿ. ಕೂಸಿನ ಅಜ್ಜಿಗೆ ತಕ್ಷಣ ತಿಳಿಯಿತಂತೆ: ನರ್ಸಮ್ಮ ದೃಷ್ಟಿಗೆ ಕಟ್ಟಿದ್ದಾಳೆ, ಡಾಕ್ಟರಿಗೆ ಗೊತ್ತಾಗಬಾರದೆಂದು ಮಡಿಕೆಯಲ್ಲಿ ಇಟ್ಟಿದ್ದಾಳೆ. ಅಲ್ಲಿಂದೀಚೆಗೆ ಕೂಸು ದುಂಡದುಂಡಗೆ ಆಗುತ್ತಿದೆಯಂತೆ.

ಕೂಸು ಬಾಯಿ ಮುಚ್ಚಿದ್ದು ತಲೆ ಬೆಚ್ಚಗಾದದ್ದಕ್ಕೆ, ಅದು ಹಾಗಿರಲಿ. ನಾನು ಹಸಿಗೂಸಿನ ತಲೆಯಲ್ಲಿ ಒಂದು ಪಿನ್ನು, ಒಂದು ಕಲ್ಲಿನ ಜುಮುಕಿ ಬಿಟ್ಟು ಕಳಿಸಿದ್ದೆ. ಪಿನ್ನು ಬಿಚ್ಚಿದರೆ ಚುಚ್ಚುತ್ತದೆ, ಕಲ್ಲು ಉದುರಿದರೆ ಕೂಸು ನುಂಗುತ್ತದೆ. ಹಿರಿಯ ಸಿಸ್ಟರಿಗೆ ಹೇಳಿದೆ. ಅವರು ಬಯ್ಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಹೊಲಿಗೆ ಹಾಕುವಾಗ ಒಳಗೆ ಇಟ್ಟ ಹತ್ತಿಯನ್ನು ಹೊರಗೆ ತೆಗೆದು ಎಣಿಸುತ್ತೇವಲ್ಲ, ಇದನ್ನು ಎಣಿಸಲು ಏನಾಗಿತ್ತು ಎಂದಷ್ಟೇ ಕೇಳಿದರು. ಕೂಸಿನ ತಂದೆಗೆ ಫೋನು ಮಾಡಿದೆ. ಅವನು ಬಹಳ ಮರ್ಯಾದೆಯಿಂದ, ಅದರ ವಿಚಾರ ಏನಿದ್ದರೂ ನಮ್ಮ ಅವ್ವನನ್ನೇ ಕೇಳಬೇಕು ಎಂದ. ಕೂಸಿನ ಆ ಅಜ್ಜಿ ಫೋನಿನಲ್ಲಿ ಮಾತಾಡುವುದಿಲ್ಲವಂತೆ. ವಾರದ ರಜೆಯ ದಿನ ನಾನೇ ಹೋಗಿ ಬರುವುದೆಂದು ನಿಶ್ಚಯಿಸಿದೆ. ಅಪ್ಪನಿಗೆ ಗೊತ್ತಾಗದ ಹಾಗೆ.

ಅಪ್ಪನಿಗೆ ಅದಕ್ಕೂ ಮೊದಲೇ ಗೊತ್ತಾಯಿತು. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಿರ್ಚಿ ಬಜ್ಜಿ ತಿನ್ನುತ್ತಿದ್ದಾಗ ಅವರ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಕೈ ಮುಗಿದು, ನಿಮ್ಮ ಮಗಳು ಕಟ್ಟುವ ತಾಯಿತ ಬಹಳ ತಾಕತ್ತಿನದಂತೆ, ನನ್ನ ತಂಗಿಯ ಕೂಸಿಗೂ ಒಂದು ಕೊಡಿಸಿ ಎಂದು ಕೇಳಿದನಂತೆ. ಅಪ್ಪ ಅರ್ಧ ಮಿರ್ಚಿ ಪ್ಲೇಟಿನಲ್ಲೇ ಬಿಟ್ಟು ಮನೆಗೆ ಬಂದರು. ಅವರು ಮಿರ್ಚಿ ಬಿಟ್ಟದ್ದನ್ನು ನಾವು ಅದುವರೆಗೆ ಕಂಡಿರಲಿಲ್ಲ. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಕೇಳಿ ಮುಗಿಸಿ, ಒಂಟಿ ಓಲೆಗಳ ಡಬ್ಬಿಯ ಮುಚ್ಚಳ ತೆಗೆದು ನೋಡಿದರು.

"ಈ ಊರಾಗ ತಾಯಿತ ಇಲ್ಲದ ಮನಿ ನನ್ನದೊಂದು ಅಂದ್ಕಂಡಿದ್ದೆ," ಎಂದರು. "ಈಗ ನೋಡಿದ್ರ ಫ್ಯಾಕ್ಟರಿನ ಇಲ್ಲೈತಿ."

ಅವ್ವ ಸೆರಗು ಬಾಯಿಗಿಟ್ಟುಕೊಂಡು ಅಡಿಗೆಮನೆಗೆ ಹೋದಳು. ಅಪ್ಪ, ನಾನೂ ಬರುತ್ತೇನೆ, ಆ ಮನೆಯವರಿಗೆ ತಿಳಿಸಿ ಹೇಳುವುದು ನನ್ನ ಕರ್ತವ್ಯ ಎಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೆಗೆದಿಟ್ಟರು.

ಹರಪನಹಳ್ಳಿಯವರೆಗೆ ಒಂದು ಬಸ್ಸು, ಅಲ್ಲಿಂದ ನೀಲಗುಂದಕ್ಕೆ ಇನ್ನೊಂದು. ದಾರಿಯುದ್ದಕ್ಕೂ ಅಪ್ಪ ಕಾಗದದ ಚೀಟಿಯಲ್ಲಿ ಅಂಶಗಳನ್ನು ಬರೆದುಕೊಳ್ಳುತ್ತಿದ್ದರು. ಭೀಮೇಶ್ವರ ಗುಡಿಯ ಹತ್ತಿರ ಇಳಿದು ಕೇಳಿದರೆ, ಜುಮುಕಿ ಕೂಸಿನ ಮನೆಯಾ ಎಂದು ಜನ ತಾವಾಗಿಯೇ ದಾರಿ ತೋರಿಸಿದರು. ಅಪ್ಪ ಆ ಹೆಸರು ಕೇಳಿ ಚೀಟಿಗೆ ಇನ್ನೊಂದು ಅಂಶ ಸೇರಿಸಿದರು.

ಅಜ್ಜಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ತೆಳ್ಳಗಿನ ಮೈ, ಹಣೆಯ ತುಂಬ ವಿಭೂತಿ. ನಾನು ಇಂಥವಳೆಂದು ತಿಳಿಯುತ್ತಲೇ ಎದ್ದು ನನ್ನ ಮುಖ ಸವರಿ ನೆಟಿಕೆ ಮುರಿದಳು. ಚಾಪೆ ಹಾಕಿಸಿದಳು, ಒಗ್ಗರಣೆ ಮಂಡಕ್ಕಿ ತರಿಸಿದಳು, ಚಾ ಬಂತು. ಅಪ್ಪ ಯಾರ ಮನೆಗೆ ಹೋದರೂ ಮೊದಲು ಲೋಟ ನೋಡುವವರು; ಅದು ಅವರ ಚಿಕ್ಕಂದಿನಿಂದ ಬಂದ ಅಭ್ಯಾಸ. ಅಜ್ಜಿ ತನ್ನದೂ ನಮ್ಮದೂ ಒಂದೇ ತಟ್ಟೆಯಲ್ಲಿ, ಒಂದೇ ತರಹದ ಸ್ಟೀಲ್ ಲೋಟಗಳಲ್ಲಿ ತರಿಸಿದ್ದಳು. ಅಪ್ಪ ಚಾ ಪೂರ್ತಿ ಕುಡಿದು, ಚೀಟಿ ತೆಗೆದು, ಗಂಟಲು ಸರಿಮಾಡಿಕೊಂಡರು.

ಪಾಠ ಚೆನ್ನಾಗಿಯೇ ಇತ್ತು. ಕೂಸುಗಳು ಯಾಕೆ ಅಳುತ್ತವೆ, ತೂಕ ಹೇಗೆ ಹೆಚ್ಚುತ್ತದೆ, ತಾಯಿಯ ಹಾಲಿನಲ್ಲಿ ಏನಿದೆ, ಕಣ್ಣಿನಿಂದ ಬೆಳಕು ಒಳಗೆ ಹೋಗುತ್ತದೆಯೇ ಹೊರತು ಹೊರಗೇನೂ ಬರುವುದಿಲ್ಲ, ಹಾಗಾಗಿ ದೃಷ್ಟಿ ತಾಗುವುದು ಸಾಧ್ಯವೇ ಇಲ್ಲ. ಅಜ್ಜಿ ಶೇಂಗಾ ಸುಲಿಯುತ್ತ ಪ್ರತಿ ಮಾತಿಗೂ ಖರೆ ಐತ್ರಿ, ಖರೆ ಐತ್ರಿ ಎಂದು ತಲೆಯಾಡಿಸಿದಳು. ಅಪ್ಪನಿಗೆ ಇಷ್ಟು ಒಳ್ಳೆಯ ವಿದ್ಯಾರ್ಥಿನಿ ನಿವೃತ್ತಿಯ ನಂತರ ಸಿಕ್ಕಿರಲಿಲ್ಲ. ಕೊನೆಯ ಅಂಶ ಮುಗಿಸಿ ಚೀಟಿ ಮಡಚಿದಾಗ ಅಜ್ಜಿ ಕೇಳಿದಳು.

"ದೃಷ್ಟಿ ಅನ್ನೋದು ಇಲ್ಲ ಅಂದ್ರಿ. ಆ ಜುಮುಕಿಯೊಳಗ ಏನೂ ಇಲ್ಲ ಅಂದ್ರಿ. ಅಲ್ಲರಿ ಮೇಷ್ಟ್ರ, ಏನೂ ಇಲ್ಲದ್ದು ನಮ್ಮ ಮನ್ಯಾಗಿದ್ರ ನಿಮಗೇನು ತ್ರಾಸು?"

ಅಪ್ಪ ಬಾಯಿ ತೆರೆದರು. ಒಂದು ಹಿಡಿ ಮಂಡಕ್ಕಿ ಹಾಕಿಕೊಂಡರು.

ನಾನು ನಡುವೆ ಬಂದು, ದೃಷ್ಟಿಯ ಮಾತು ಬಿಡಿ, ಕೂಸು ಅದನ್ನು ನುಂಗಿದರೆ ಎಂಬ ಹೆದರಿಕೆ ನನ್ನದು, ತಪ್ಪು ನನ್ನಿಂದ ಆಗಿದೆ ಎಂದೆ. ಅಜ್ಜಿ ಮೊದಲ ಸಲ ಸುಲಿಯುವುದು ನಿಲ್ಲಿಸಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಪಾಪ ಈ ಹುಡುಗಿಗೆ ಇನ್ನೂ ಏನೂ ಗೊತ್ತಿಲ್ಲ ಎಂಬ ಭಾವವಿತ್ತು.

"ಏಳು ಹಡೆದಾಕಿ ನಾನು," ಎಂದಳು. "ಕೂಸಿನ ಕೈಗೆ ಸಿಗಂಗ ಯಾರರ ಪಿನ್ ಬಿಡ್ತಾರೇನು ಯವ್ವ? ಬಂದ ದಿನಾನ ಬಿಚ್ಚೀನಿ."

ಮೇಲೆ ಕೈ ತೋರಿಸಿದಳು. ತೊಟ್ಟಿಲ ಹಗ್ಗ ಕಟ್ಟಿದ ತೊಲೆಯಲ್ಲಿ, ನಿಂತವರಿಗೂ ಎಟುಕದ ಎತ್ತರದಲ್ಲಿ, ಅವ್ವನ ಹಸಿರು ಜುಮುಕಿ ತೂಗುತ್ತಿತ್ತು. ಕೆಳಗೆ ತೊಟ್ಟಿಲಲ್ಲಿ ಕೂಸು ಜುಮುಕಿಯಿಲ್ಲದ ಬರಿ ಟೊಪ್ಪಿಗೆ ಹಾಕಿಕೊಂಡು, ಕೆನ್ನೆ ಊದಿಸಿಕೊಂಡು ಮಲಗಿತ್ತು. ಎರಡು ಬಸ್ಸು ಹತ್ತಿ, ಒಂದು ಚೀಟಿ ತುಂಬ ಬರೆದುಕೊಂಡು ನಾವು ತಪ್ಪಿಸಲು ಬಂದಿದ್ದ ಅಪಾಯವನ್ನು ಅಜ್ಜಿ ಒಂದೂವರೆ ತಿಂಗಳ ಹಿಂದೆಯೇ ತಪ್ಪಿಸಿ ಕೂತಿದ್ದಳು.

ದೃಷ್ಟಿಗೆ ಅಲ್ಲವಾದರೆ ಈ ಜುಮುಕಿ ಏನಕ್ಕೆ ಎಂದು ಅಜ್ಜಿಗೆ ಕುತೂಹಲ. ನನ್ನ ಚೀಲದಲ್ಲಿ ಅರ್ಧ ಹೆಣೆದದ್ದಿತ್ತು. ತೆಗೆದು ತೋರಿಸಿದೆ: ಇಲ್ಲಿ ಸುತ್ತು ಶುರು, ಇಲ್ಲಿಗೆ ಬಂದಾಗ ಉಂಗುರ ಸಿಗುತ್ತದೆ, ಒಂದು ಸುತ್ತು ಮುಗಿಯಿತೆಂದು ಲೆಕ್ಕ. ಅಜ್ಜಿ ಕಡ್ಡಿ ಇಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿದಳು. ತಾನು ಹಳೆಯ ಬಟ್ಟೆ ಸೇರಿಸಿ ಕೌದಿ ಹೊಲಿಯುವಾಗ ಸಾಲು ತಪ್ಪದಿರಲು ಮೂಲೆಗೊಂದು ಬಣ್ಣದ ಬಟ್ಟೆಯ ಚೂರು ಸಿಕ್ಕಿಸಿಕೊಳ್ಳುತ್ತೇನೆ, ಇದೂ ಅದೇ ಅಲ್ಲವೇ ಎಂದಳು. ಅದೇ ಎಂದೆ. ಅಜ್ಜಿ ಅಪ್ಪನ ಕಡೆ ತಿರುಗಿದಳು.

"ಇದು ಎಣಿಕಿ ಗುರ್ತು ಅಂತ ಒಂದ ಮಾತು ಹೇಳಿದ್ರ ಆಗ್ತಿತ್ತಲ್ರಿ ಮೇಷ್ಟ್ರ. ಕಣ್ಣಿನ ಬೆಳಕು, ಅದೂ ಇದೂ ಅಂತ ಎಷ್ಟು ದಣದ್ರಿ."

ಮಗನನ್ನು ಕರೆದು ಏಣಿ ತರಿಸಿ ಜುಮುಕಿ ಇಳಿಸಿ ಕೊಟ್ಟಳು. ಆದರೆ ಒಂದು ಷರತ್ತು. ಊರೆಲ್ಲ ನೋಡಿದ ಜಾಗ ಖಾಲಿ ಬಿಡುವ ಹಾಗಿಲ್ಲ, ಅಲ್ಲಿಗೆ ಇನ್ನೊಂದು ಬೇಕು. ಅಪ್ಪ ಒಪ್ಪಲಿಲ್ಲ. ಮಾತು ಬಹಳ ಹೊತ್ತು ನಡೆಯಿತು. ಮಂಡಕ್ಕಿ ಮತ್ತೊಮ್ಮೆ ಬಂತು. ಕಡೆಗೆ, ಅದನ್ನು ತಾಯಿತ ಎಂದು ಕರೆಯಕೂಡದು, ಎಣಿಕೆ ಉಂಗುರ ಎಂದೇ ಕರೆಯಬೇಕು ಎಂಬ ಕರಾರಿನ ಮೇಲೆ ಅಪ್ಪ ಒಪ್ಪಿದರು. ಅಜ್ಜಿ ತಕ್ಷಣ ಹ್ಞೂಂ ಎಂದಳು. ಅಷ್ಟು ಬೇಗ ಒಪ್ಪಿದಾಗಲೇ ನಮಗೆ ಅನುಮಾನ ಬರಬೇಕಿತ್ತು.

ತಿರುಗಿ ಬರುವಾಗ ಹರಪನಹಳ್ಳಿ ದಾಟಿದ ಮೇಲೆ ಅಪ್ಪ ಚೀಟಿಯನ್ನು ಇನ್ನೊಮ್ಮೆ ಓದಿ ಜೇಬಿಗೆ ಹಾಕಿದರು. ಆಮೇಲೆ, ಆ ಹೆಣ್ಣುಮಗಳು ಶಾಲೆಗೆ ಹೋಗಿದ್ದರೆ ನನ್ನನ್ನು ಯಾರೂ ಹೆಡ್‌ಮಾಸ್ಟರ್ ಮಾಡುತ್ತಿರಲಿಲ್ಲ ಎಂದರು.

ಆ ಉಂಗುರವನ್ನು ಅಪ್ಪ ತಾವೇ ಮಾಡಿದರು. ಸ್ಟೇಷನರಿ ಅಂಗಡಿಯಿಂದ ಗಾಳಿಗೆ ಗಟ್ಟಿಯಾಗುವ ಜೇಡಿಮಣ್ಣು ತಂದು, ಬೆರಳಿನಲ್ಲಿ ಉರುಳಿಸಿ, ನಡುವೆ ಅದುಮಿ, ಸೂಜಿಯಿಂದ ಗೀರು ಹಾಕಿ, ಶೇಂಗಾಕಾಯಿ ಮಾಡಿದರು. ಹನ್ನೊಂದು ಕಾಯಿ ಕೆಟ್ಟು ಹನ್ನೆರಡನೆಯದು ಸರಿಬಂತು. ಅದು ತೊಲೆ ಏರಿದ ಒಂದು ತಿಂಗಳೊಳಗೆ ನಮ್ಮ ವಾರ್ಡಿಗೆ ಬರುವವರೆಲ್ಲ ಎಣಿಕಿ ಉಂಗುರ ಕೇಳತೊಡಗಿದರು. ತಾಯಿತ ಎಂಬ ಮಾತು ಒಬ್ಬರ ಬಾಯಲ್ಲೂ ಇರಲಿಲ್ಲ. ಅಜ್ಜಿ ಕೊಟ್ಟ ಮಾತಿಗೆ ತಪ್ಪಿರಲಿಲ್ಲ; ಇಡೀ ಊರಿಂದ ಹಾಗೆ ಕರೆಸಿದ್ದಳು. ಹಿರಿಯ ಸಿಸ್ಟರ್ ಲೋಹದ ಒಂದು ಚೂರೂ ವಾರ್ಡಿನೊಳಗೆ ಬರಕೂಡದೆಂದು ನನ್ನ ಉಂಗುರಗಳನ್ನು ಮನೆಗೆ ಕಳಿಸಿದರು. ಆಸ್ಪತ್ರೆಯಲ್ಲಿ ನಾನು ಮತ್ತೆ ಕೆಂಪು ದಾರದ ಗಂಟಿಗೆ ಬಂದೆ. ಅದನ್ನೂ ಬಿಚ್ಚಿ, ಸಿಸ್ಟರಿಗೆ ತೋರಿಸಿಯೇ ಟೊಪ್ಪಿಗೆ ಕೊಡಬೇಕು.

ಕೇಳುವವರನ್ನು ತಡೆಯಲು ಅಪ್ಪ ಒಂದು ಉಪಾಯ ಹೂಡಿದರು: ಉಂಗುರ ಬೇಕಾದವರು ಮೊದಲು ಹೆಣಿಗೆ ಕಲಿಯಬೇಕು. ಇಷ್ಟು ಕಷ್ಟ ಪಡುವವರು ಯಾರೂ ಇರಲಾರರು ಎಂದು ಅವರ ಎಣಿಕೆ. ಅಜ್ಜಿ ತನ್ನ ಪಡಸಾಲೆಯಲ್ಲೇ ಒಂಬತ್ತು ಹೆಂಗಸರನ್ನು ಕೂಡಿಸಿ ಹೇಳಿಕಳಿಸಿದಳು. ಅಪ್ಪನಿಗೆ ಹೆಣೆಯಲು ಬರುತ್ತಿರಲಿಲ್ಲ. ಒಂದು ವಾರ ನನ್ನ ಮುಂದೆ ಕೂತು ಕಲಿತು, ಕಡ್ಡಿ ಜೋಡಿಗಳ ಕಟ್ಟು ಹಿಡಿದು ಭಾನುವಾರದ ಬಸ್ಸು ಹತ್ತಿದರು. ಒಂಬತ್ತರಲ್ಲಿ ಆರು ಮಂದಿ ಎರಡನೆಯ ವಾರಕ್ಕೆ ಬಿಟ್ಟರು. ಮೂವರು ಉಳಿದರು. ಜುಮುಕಿ ಕೂಸಿನ ತಾಯಿಯ ಕೈ ಅಪ್ಪನ ಕೈಗಿಂತ ಚೆನ್ನಾಗಿ ಓಡುತ್ತಿತ್ತು. ಈಗ ನಮ್ಮ ವಾರ್ಡಿಗೆ ಬರುವ ಟೊಪ್ಪಿಗೆಗಳಲ್ಲಿ ಅರ್ಧ ಅವಳವೇ. ಅಪ್ಪ ಮಾಡುವ ಶೇಂಗಾ, ಈರುಳ್ಳಿ, ಮಿರ್ಚಿ ಉಂಗುರಗಳನ್ನು ನಾನು ಆನ್‌ಲೈನಿನಲ್ಲಿ ಇಟ್ಟಿದ್ದೇನೆ. ತಣ್ಣನೆಯ ಊರುಗಳ ಹೆಂಗಸರು ತರಿಸಿಕೊಳ್ಳುತ್ತಾರೆ. ಮಿರ್ಚಿಯನ್ನು ಮೀನೆಂದು ತಿಳಿದವರೇ ಹೆಚ್ಚು.

ಅಜ್ಜಿಯೂ ಹೆಣೆಯಲು ಕೂತಳು. ಕಣ್ಣು ಅಷ್ಟಕ್ಕಷ್ಟೇ, ಕೈ ಕೌದಿಗೆ ಪಳಗಿದ್ದು, ಸಣ್ಣದಾಗಿ ಏನೂ ಮಾಡಲು ಒಪ್ಪದು. ಮೂರು ತಿಂಗಳು ಹಿಡಿದು ಅವಳು ಮುಗಿಸಿದ ಟೊಪ್ಪಿಗೆ ಯಾವ ಕೂಸಿನ ತಲೆಗೂ ಆಗುವ ಹಾಗಿರಲಿಲ್ಲ. ಅದನ್ನು ಅಪ್ಪನ ತಲೆಗೇ ಏರಿಸಿ, ಗುರುದಕ್ಷಿಣೆ, ಮನೆ ಮುಟ್ಟುವವರೆಗೆ ತೆಗೆಯಬಾರದು ಎಂದಳು. ಅಪ್ಪ ತೆಗೆಯಲಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ, ಕಿವಿ ಮುಚ್ಚುವ ಕೆಂಪು ಉಲ್ಲನ್ ಟೊಪ್ಪಿಗೆ, ಬಿಳಿ ಅಂಗಿ. ಕೊಟ್ಟೂರಿನ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟು, ಸ್ವಲ್ಪ ಹಿಂದೆ ಸರಿದು, ಮೈಯಾಗ ಆರಾಮಿಲ್ಲೇನ್ರಿ ಸರ ಎಂದು ಕೇಳಿದನಂತೆ. ಆರಾಮ ಅದೀನಪ ಎಂದು ಅಪ್ಪ ಹೇಳಿದರಂತೆ; ಮತ್ತೆ ಅವನು ಕೇಳದಿದ್ದರೂ, ಈ ಟೊಪ್ಪಿಗೆಯಲ್ಲಿ ಒಟ್ಟು ನೂರಾ ಹತ್ತೊಂಬತ್ತು ಸುತ್ತು ಅದಾವು, ಒಂದೂ ತಪ್ಪಿಲ್ಲ ಎಂದು ತಿಳಿಸಿದರಂತೆ.